ಬಾದಾಮಿ ಬಂಡೆಗೆ ಬಸುರಿಯ ಹಾರ್ನೆಸ್

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ‘ಸೇಫ್ಟಿ ಬೆಲ್ಟ್’ ಕೇಳಿದರೆ ಅಂಗಡಿಯವರು ಬಹಳ ಹುಡುಕಬೇಕಾಗಿಲ್ಲ. ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಾರ್ಖಾನೆ, ಮೊಬೈಲ್ ಟವರ್‌ಗಳಲ್ಲಿ ಎತ್ತರಕ್ಕೆ ಹತ್ತಿ ದುಡಿಯುವವರು ಒಯ್ಯುವ ಸಾಮಾನು ಅದು. ಭುಜಕ್ಕೆ ಪಟ್ಟಿ, ತೊಡೆಗೆ ಪಟ್ಟಿ, ಹೊಟ್ಟೆಯ ಭಾಗ ಬಯಲು. ಬಂಡೆ ಹತ್ತುವ ಹವ್ಯಾಸವಿದ್ದು ಈಗ ಬಸುರಿಯಾಗಿರುವ ಹೆಣ್ಣುಮಗಳು ಅದನ್ನು ನೋಡಿದರೆ ‘ನನಗೆ ಬೇಕಾದದ್ದು ಇದೇ’ ಅಂದುಕೊಳ್ಳುವುದು ಸಹಜ. ಹೊಟ್ಟೆಗೆ ತಾಗುವುದಿಲ್ಲ, ಬೆಲೆಯೂ ಕೈಗೆಟುಕುತ್ತದೆ. ಆದರೂ ಅದನ್ನು ಕೊಳ್ಳಬಾರದು.

ನಮ್ಮ ಜಿಲ್ಲೆಯಲ್ಲೇ ಬಾದಾಮಿ ಇದೆ. ಚಾಲುಕ್ಯರ ಗುಹೆಗಳಿಗೆ ಹೆಸರಾದ ಆ ಕೆಂಪು ಮರಳುಗಲ್ಲು ಬಂಡೆ ಹತ್ತುವವರ ಲೋಕದಲ್ಲಿ ಇನ್ನೊಂದು ಕಾರಣಕ್ಕೆ ಹೆಸರುವಾಸಿ. ಬಂಡೆಗೆ ಬೋಲ್ಟ್ ಹೊಡೆದು ಸಿದ್ಧಪಡಿಸಿದ ದಾರಿಗಳು ಅಲ್ಲಿ ಬೇಕಾದಷ್ಟಿವೆ; ಹೊಸಬರು ಕಲಿಯುವಂಥವೂ ಇವೆ, ‘ಗಣೇಶ’ ಎಂಬ ಹೆಸರಿನ, ದೇಶದ ಅತಿ ಕಠಿಣ ದಾರಿಗಳಲ್ಲಿ ಒಂದೆನಿಸಿಕೊಂಡ 8ಬಿ+ ದರ್ಜೆಯದೂ ಇದೆ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಶಿಬಿರಗಳಲ್ಲಿ, ಕಾಲೇಜಿನ ಎನ್‌ಸಿಸಿ ಕ್ಯಾಂಪುಗಳಲ್ಲಿ, ಬೆಂಗಳೂರಿನ ಕೃತಕ ಗೋಡೆಗಳಲ್ಲಿ ಹಗ್ಗ ಹಿಡಿಯಲು ಕಲಿತ ಹುಡುಗಿಯರು ಮದುವೆಯಾಗಿ ಈ ಕಡೆಯ ಊರುಗಳಿಗೆ ಬರುತ್ತಾರೆ, ಇಲ್ಲವೇ ಬಾಣಂತನಕ್ಕೆ ತವರಿಗೆ ಮರಳುತ್ತಾರೆ. ಅವರ ಸಂಖ್ಯೆ ಸಣ್ಣದು. ಅಂಥವರಿಗೆ ಬೇಕಾದ ಮಾಹಿತಿಯಂತೂ ಇನ್ನೂ ಸಣ್ಣದು. ಮನೆಯಲ್ಲಿ ಕೇಳಿದರೆ ಬರುವ ಉತ್ತರ ಗೊತ್ತೇ ಇದೆ: “ಬಸರಿದ್ದಾಕಿ ಗುಡ್ಡಾ ಹತ್ತೂದಂದ್ರ ಏನವಾ, ಸುಮ್ ಕುಂದ್ರು.”

ಮನೆಯವರ ಈ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆ 2020ರಲ್ಲಿ ಹೊರಡಿಸಿದ ಸಲಹೆಯಲ್ಲಿ, ತೊಡಕಿಲ್ಲದ ಬಸಿರಿನಲ್ಲಿ ವ್ಯಾಯಾಮ ಒಳ್ಳೆಯದು ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ಅದೇ ವರ್ಷ ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಶ್ರಮ ಬೇಕು ಎಂದಿದೆ. ಆದರೆ ಬೀಳುವ ಅಪಾಯ ಹೆಚ್ಚಿರುವ ಆಟಗಳನ್ನು ದೂರವಿಡಿ ಎಂಬ ಎಚ್ಚರಿಕೆಯೂ ಜೊತೆಗಿದೆ. ಕುದುರೆ ಸವಾರಿ, ಹಿಮದ ಇಳಿಜಾರಿನ ಸ್ಕೀಯಿಂಗ್‌ನಂಥವು ಆ ಸಾಲಿನಲ್ಲಿ ಬರುತ್ತವೆ. ಬಂಡೆ ಹತ್ತುವುದನ್ನು ಬಹುತೇಕ ವೈದ್ಯರು ಅಲ್ಲಿಗೇ ಸೇರಿಸುತ್ತಾರೆ. ಬ್ರಿಟನ್ನಿನ ಅಲಿಸನ್ ಹಾರ್‌ಗ್ರೀವ್ಸ್ 1988ರಲ್ಲಿ ಐದಾರು ತಿಂಗಳ ಬಸುರಿಯಾಗಿದ್ದಾಗ ಆಲ್ಪ್ಸ್‌ನ ಐಗರ್ ಶಿಖರದ ಉತ್ತರ ಮುಖ ಹತ್ತಿದ್ದು ನಿಜ. ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಶಾನಾ ಕಾಕ್ಸಿ 2022ರಲ್ಲಿ ತುಂಬು ಬಸಿರಿನಲ್ಲೂ ಹತ್ತುತ್ತ ಜನರಿಂದ ಬೈಸಿಕೊಂಡಿದ್ದೂ ನಿಜ. ಇಬ್ಬರೂ ಬದುಕನ್ನೇ ಬಂಡೆಗೆ ಕೊಟ್ಟವರು. ವರ್ಷಕ್ಕೆ ಒಂದು ಚಳಿಗಾಲ ಬಾದಾಮಿಗೆ ಹೋಗಿಬರುವವರಿಗೆ ಅವರು ಅಳತೆಗೋಲಾಗುವುದಿಲ್ಲ. ಬಸಿರಾದ ಮೇಲೆ ಹೊಸದಾಗಿ ಹತ್ತಲು ಕಲಿಯುವ ಯೋಚನೆ ಇದ್ದರಂತೂ ಅದನ್ನು ಕೈಬಿಡಿ. ಮುಂದಿನ ಮಾತೆಲ್ಲ ಮೊದಲೇ ಕಲಿತವರಿಗೆ, ಅದರಲ್ಲೂ ವೈದ್ಯರ ಒಪ್ಪಿಗೆ ಸಿಕ್ಕವರಿಗೆ.

ಹಾರ್ನೆಸ್ ಎಂದರೆ ಹತ್ತುವವರ ಮೈಯನ್ನು ಹಗ್ಗಕ್ಕೆ ಸೇರಿಸುವ ಪಟ್ಟಿಗಳ ಜೋಡಣೆ. ಬಸುರಿಯ ಹಾರ್ನೆಸ್ ಇರುವುದು ಹಗ್ಗದ ಮೇಲೆ ಕೂರುವುದಕ್ಕೆ, ಬೀಳುವುದಕ್ಕಲ್ಲ. ಈ ಒಂದು ಮಾತು ನೆನಪಿದ್ದರೆ ಉಳಿದ ಆಯ್ಕೆಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ತೀರ್ಮಾನವಾಗುತ್ತವೆ.

ಸೊಂಟದ ಹಾರ್ನೆಸ್ ಎಲ್ಲಿಯವರೆಗೆ?

ಸಾಮಾನ್ಯವಾಗಿ ಎಲ್ಲರೂ ತೊಡುವುದು ಸೊಂಟಪಟ್ಟಿ, ತೊಡೆಪಟ್ಟಿ ಇರುವ ಹಾರ್ನೆಸ್. ಅದು ನಿಲ್ಲುವುದೇ ಸೊಂಟದ ಮೂಳೆಯ ಮೇಲ್ಭಾಗವನ್ನು ಬಿಗಿಯಾಗಿ ಹಿಡಿದುಕೊಂಡು. ಮೊದಲ ಮೂರು ತಿಂಗಳು ಗರ್ಭಕೋಶ ಸೊಂಟದ ಮೂಳೆಗಳ ಗೂಡಿನೊಳಗೇ ಇರುತ್ತದೆ. ಸುಮಾರು 12 ವಾರಕ್ಕೆ ಅದು ಮೇಲೇಳತೊಡಗಿ, 20 ವಾರದ ಹೊತ್ತಿಗೆ ಹೊಕ್ಕುಳ ಮಟ್ಟಕ್ಕೆ ಬರುತ್ತದೆ. ಅಂದರೆ ನಾಲ್ಕನೆಯ ತಿಂಗಳಿಂದ ಸೊಂಟಪಟ್ಟಿ ಒತ್ತುವ ಜಾಗದಲ್ಲೇ ಗರ್ಭಕೋಶವಿರುತ್ತದೆ. ‘ಹೊಟ್ಟೆಯ ಕೆಳಗೆ ಜಾರಿಸಿ ಕಟ್ಟಿಕೊಂಡರಾಯಿತು’ ಎನ್ನುವವರಿದ್ದಾರೆ. ಹಾಗೆ ಕೆಳಗೆ ಕಟ್ಟಿದ ಹಾರ್ನೆಸ್ ಸೊಂಟದ ಮೂಳೆಯ ಹಿಡಿತ ಕಳೆದುಕೊಳ್ಳುತ್ತದೆ. ದೇಹ ತಲೆಕೆಳಗಾದರೆ ಜಾರಿ ಕಳಚಬಹುದು. ಹೊಟ್ಟೆ ಕಾಣಿಸತೊಡಗಿದ ದಿನದಿಂದ ಅದನ್ನು ಮೊಳೆಗೆ ನೇತುಹಾಕಿ.

ಆಮೇಲೆ ಬೇಕಾದದ್ದು ಪೂರ್ಣದೇಹದ ಹಾರ್ನೆಸ್. ಬಂಡೆ ಹತ್ತುವ ಹಾರ್ನೆಸ್‌ಗಳಿಗೆ ಯುರೋಪಿನ ಇಎನ್ 12277 ಎಂಬ ಮಾನದಂಡವಿದೆ. ಅದರಲ್ಲಿ ‘ಎ’ ವರ್ಗ ದೊಡ್ಡವರ ಪೂರ್ಣದೇಹದ್ದು, ‘ಬಿ’ ವರ್ಗ ಮಕ್ಕಳದ್ದು, ‘ಸಿ’ ವರ್ಗ ನಾವು ಸದಾ ತೊಡುವ ಸೊಂಟದ್ದು, ‘ಡಿ’ ವರ್ಗ ಬರಿ ಎದೆಯದ್ದು. ಪಟ್ಟಿಗೆ ಹೊಲಿದ ಚೀಟಿಯಲ್ಲಿ ಈ ಸಂಖ್ಯೆಯೂ ಅಕ್ಷರವೂ ಇರುತ್ತವೆ. ನಿಮಗೆ ಬೇಕಾದದ್ದು ‘ಎ’. ಅದು 15 ಕಿಲೋನ್ಯೂಟನ್, ಎಂದರೆ ಹೆಚ್ಚುಕಡಿಮೆ ಒಂದೂವರೆ ಟನ್ ಎಳೆತವನ್ನು ತಡೆದುಕೊಳ್ಳಬೇಕು. ಮಕ್ಕಳ ‘ಬಿ’ ವರ್ಗ 40 ಕಿಲೋ ತೂಕದೊಳಗಿನವರಿಗೆ. ಸಣಕಲು ಮೈಯವರೂ ಅದರ ತಂಟೆಗೆ ಹೋಗಬಾರದು. ‘ಡಿ’ ವರ್ಗದ ಎದೆಯ ಹಾರ್ನೆಸ್ಸನ್ನು ಒಂದನ್ನೇ ತೊಟ್ಟು ನೇತಾಡಿದರೆ ಕೆಲವೇ ನಿಮಿಷದಲ್ಲಿ ಉಸಿರು ಕಟ್ಟುತ್ತದೆ.

ಮ್ಯಾಡ್ ರಾಕ್ ಕಂಪನಿಯ ‘ಮೌಂಟೇನ್ ಮಾಮಾ’ ಬಸುರಿಯರಿಗೆಂದೇ ರೂಪಿಸಿದ ಹಾರ್ನೆಸ್. ಪೆಟ್ಜ್‌ಲ್‌ನ ‘8003’ ದೊಡ್ಡವರೆಲ್ಲರಿಗೂ ಆಗುವ ಪೂರ್ಣದೇಹದ್ದು. ಇಂಥವು ನಮ್ಮ ಕಡೆ ಅಂಗಡಿಯ ಕಪಾಟಿನಲ್ಲಿ ಕಾದು ಕೂತಿರುವುದಿಲ್ಲ. ಬೆಂಗಳೂರು, ಪುಣೆ, ಮುಂಬೈಯ ಪರ್ವತಾರೋಹಣ ಸಾಮಾನಿನ ವ್ಯಾಪಾರಿಗಳಿಗೆ ಮೊದಲೇ ಹೇಳಿ ತರಿಸಬೇಕಾಗುತ್ತದೆ. ಬಸಿರು ಖಚಿತವಾದ ವಾರವೇ ಹುಡುಕಲು ತೊಡಗದಿದ್ದರೆ ಹಾರ್ನೆಸ್ ಬರುವಷ್ಟರಲ್ಲಿ ಕುಬಸದ ದಿನ ಬಂದುಬಿಡುತ್ತದೆ. ಅಳತೆ ಕೊಡುವಾಗ ಎದೆಯ ಸುತ್ತಳತೆ, ತೊಡೆಯ ಸುತ್ತಳತೆ, ಭುಜದಿಂದ ತೊಡೆಸಂದಿಯವರೆಗಿನ ಉದ್ದ, ಮೂರನ್ನೂ ಕೊಡಿ. ಪಟ್ಟಿ ಎಷ್ಟು ಹಿಗ್ಗಬಲ್ಲದು ಎಂದೂ ಕೇಳಿ. ಮೈತೂಕ ಹತ್ತು-ಹನ್ನೆರಡು ಕಿಲೋ ಏರುವ ತಿಂಗಳುಗಳಿವು. ಇಂದು ಸರಿಯಾದ ಬಕಲ್ ಬಿಗಿತ ಮೂರು ವಾರದ ಮೇಲೆ ಸರಿಯಿರುವುದಿಲ್ಲ.

ಕಾರ್ಖಾನೆಯ ಬೆಲ್ಟ್ ಯಾಕೆ ಬೇಡ?

ಆ ಬೆಲ್ಟುಗಳು ಕಳಪೆ ಎಂದಲ್ಲ. ಭಾರತೀಯ ಮಾನದಂಡ ಐಎಸ್ 3521 ಅಥವಾ ಯುರೋಪಿನ ಇಎನ್ 361 ಗುರುತಿರುವವು ತಮ್ಮ ಕೆಲಸಕ್ಕೆ ಸರಿಯಾಗಿಯೇ ಇವೆ. ತೊಡಕಿರುವುದು ಉಂಗುರದ ಜಾಗದಲ್ಲಿ. ಎತ್ತರದಲ್ಲಿ ದುಡಿಯುವವರಿಗೆ ಎರಡೂ ಕೈ ಕೆಲಸಕ್ಕೆ ಬೇಕು, ಹಗ್ಗ ಮುಂದೆ ಅಡ್ಡ ಬರಬಾರದು. ಹಾಗಾಗಿ ಉಂಗುರ ಬೆನ್ನಿನಲ್ಲಿರುತ್ತದೆ. ಅದಕ್ಕೆ ಹಗ್ಗ ಕಟ್ಟಿ ಬಂಡೆ ಹತ್ತಿದರೆ, ಕೈತಪ್ಪಿದ ಕ್ಷಣ ಹಗ್ಗ ನಿಮ್ಮನ್ನು ಬೆನ್ನಿನಿಂದ ಎಳೆಯುತ್ತದೆ. ಮುಖವೂ ಹೊಟ್ಟೆಯೂ ಬಂಡೆಯ ಕಡೆಗೆ ವಾಲುತ್ತವೆ. ಬಂಡೆಯಿಂದ ದೂರವಿಡಬೇಕಾದ ಭಾಗವನ್ನೇ ಬಂಡೆಗೆ ಕೊಟ್ಟಂತೆ. ಕೆಲವದರಲ್ಲಿ ಎದೆಯ ಮೇಲೂ ಉಂಗುರವಿರುತ್ತದೆ, ನಿಜ. ಆದರೆ ಕಬ್ಬಿಣದ ಬಕಲ್ಲುಗಳ ಭಾರ, ಕೆಲವಕ್ಕೆ ಸೊಂಟದಲ್ಲೂ ಇರುವ ಹೆಚ್ಚುವರಿ ಪಟ್ಟಿ, ಕೂತರೆ ತೊಡೆಸಂದಿ ಕೊಯ್ಯುವ ತೆಳು ಪಟ್ಟಿ, ಇವು ಬಸುರಿಗೆ ಹೇಳಿಸಿದವಲ್ಲ.

ರಬಕವಿ-ಬನಹಟ್ಟಿಯವರಿಗೆ ಇನ್ನೊಂದು ಆಸೆ ಹುಟ್ಟಬಹುದು. ಮಗ್ಗದ ಊರು, ನೂಲು ಗೊತ್ತಿರುವ ಜನ, ದಪ್ಪ ಪಟ್ಟಿ ಹೊಲಿಯುವ ಮಷಿನ್ನೂ ಸಿಗುತ್ತದೆ. ಹಳೆಯ ಹಾರ್ನೆಸ್‌ಗೆ ಎರಡು ಭುಜಪಟ್ಟಿ ಹೊಲಿಸಿದರಾಗದೇ? ಆಗದು. ಭಾರ ಹೊರುವ ಹೊಲಿಗೆಯಲ್ಲಿ ದಾರದ ಜಾತಿ, ಟಾಕಿಗಳ ಸಂಖ್ಯೆ, ಅವು ಕೂರುವ ದಿಕ್ಕು ಎಲ್ಲ ಲೆಕ್ಕ ಹಾಕಿದ್ದು. ಮಾದರಿಗಳನ್ನು ಹರಿಯುವವರೆಗೆ ಎಳೆದು ಪರೀಕ್ಷಿಸಿದ ಮೇಲೆಯೇ ಅದು ಅಂಗಡಿಗೆ ಬರುತ್ತದೆ. ದರ್ಜಿ ಎಷ್ಟೇ ನಿಪುಣನಾದರೂ ಅವನ ಹತ್ತಿರ ಆ ಪರೀಕ್ಷೆಯ ಯಂತ್ರವಿಲ್ಲ. ಮೇಲಾಗಿ ಹಾರ್ನೆಸ್‌ನ ಪಟ್ಟಿಗೆ ಒಮ್ಮೆ ಸೂಜಿ ಚುಚ್ಚಿದರೆ ಅದರ ಮೂಲ ಬಲದ ಭರವಸೆಯೂ ಹೋಯಿತು.

ಭಾರ ಹೊರದ ಸಾಮಾನನ್ನು ಮಾತ್ರ ದರ್ಜಿಗೆ ಕೊಡಿ, ಧಾರಾಳವಾಗಿ ಕೊಡಿ. ಅಂಗೈ ಬೆವರಿಗೆ ಹಚ್ಚುವ ಚಾಕ್ ಪುಡಿಯ ಚೀಲ ಸೊಂಟಕ್ಕೆ ಕಟ್ಟುವಂಥದ್ದು. ಈಗ ಅದನ್ನು ಹಾರ್ನೆಸ್‌ನ ಹಿಂಬದಿಗೆ ಸಿಕ್ಕಿಸುವಂತೆ ಹೊಲಿಸಬಹುದು. ಹಗ್ಗ ಹಾಸಲು ಒಂದು ದಪ್ಪ ಬಟ್ಟೆ, ಭುಜಪಟ್ಟಿಯ ಕೆಳಗೆ ಸುತ್ತುವ ಹತ್ತಿಯ ಮೆತ್ತೆ, ಹೊಟ್ಟೆಯ ಜಾಗದಲ್ಲಿ ಹಿಗ್ಗುವ ಬಟ್ಟೆ ಸೇರಿಸಿದ ಸಡಿಲ ಪ್ಯಾಂಟು, ಇವನ್ನೆಲ್ಲ ಹೊಲಿಸಿಕೊಳ್ಳಬಹುದು. ಸಲ್ವಾರಿನ ಲಾಡಿ ಗಂಟು ಮಾತ್ರ ಬೇಡ. ತೊಡೆಪಟ್ಟಿಯ ಕೆಳಗೆ ಸಿಕ್ಕಿಕೊಂಡರೆ ಒಂದು ಸಣ್ಣ ಗಂಟೂ ಕಲ್ಲಿನಂತೆ ಒತ್ತುತ್ತದೆ.

ತೊಟ್ಟು ನೋಡುವುದು

ಹಾರ್ನೆಸ್ ಬಂದ ಕೂಡಲೇ ಬಂಡೆಗೆ ಹೋಗಬೇಡಿ. ಗೋಡೆಯ ಬುಡದಲ್ಲಿ, ತಿಳಿದವರ ಎದುರಿಗೆ, ನೆಲದಿಂದ ಒಂದಡಿಯಷ್ಟೇ ಮೇಲೆ ಹಗ್ಗಕ್ಕೆ ಭಾರ ಬಿಟ್ಟು ಕೂತು ನೋಡಿ. ಮೈಭಾರ ಹೆಚ್ಚಾಗಿ ತೊಡೆಪಟ್ಟಿಗೆ ಬೀಳಬೇಕು. ಎದೆಯ ಭಾಗದ ಕೆಲಸ ನಿಮ್ಮನ್ನು ನೆಟ್ಟಗೆ ಹಿಡಿಯುವುದಷ್ಟೇ. ಎದೆ ಬಿಗಿದು ಉಸಿರು ಸಣ್ಣದಾದರೆ ಭುಜಪಟ್ಟಿ ಗಿಡ್ಡವಾಗಿದೆ ಎಂದರ್ಥ. ಹಿಂದಕ್ಕೆ ವಾಲಿ ಅಂಗಾತ ಮಲಗಿದಂತಾದರೆ ಎದೆಪಟ್ಟಿ ಸಡಿಲವಾಗಿದೆ. ಬಸಿರು ಬಲಿತಂತೆ ಅಂಗಾತವಾಗುವುದು ಬೇರೆ ಕಾರಣಕ್ಕೂ ಕೆಟ್ಟದ್ದು: ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ತಿರುಗಿಸುತ್ತದೆ. ಸರಿಯಾಗಿ ಕೂತರೂ ನೇತಾಡುತ್ತ ಹರಟೆ ಹೊಡೆಯಬೇಡಿ. ತೊಡೆಪಟ್ಟಿ ಬಿಗಿದಿದ್ದಾಗ ಕಾಲಿನ ರಕ್ತ ಮೇಲೆ ಬರುವುದು ನಿಧಾನವಾಗುತ್ತದೆ. ದಣಿವಾದರೆ ಇಳಿಸಿಬಿಡಲು ಹೇಳಿ.

ಹೊಸ ಹಾರ್ನೆಸ್‌ನಲ್ಲಿ ಹಗ್ಗದ ಗಂಟು ಎದೆಯ ಹತ್ತಿರ ಬರುವುದರಿಂದ ಕೆಲವು ಹಳೆಯ ರೂಢಿಗಳು ಬದಲಾಗಬೇಕು. ಗಂಟು ಯಾವ ಕಣ್ಣಿಗೆ ಬೀಳಬೇಕೆಂದು ಜೊತೆಗೆ ಬಂದ ಕೈಪಿಡಿಯಲ್ಲಿ ಚಿತ್ರವಿರುತ್ತದೆ, ಅದರಂತೆಯೇ ಕಟ್ಟಿ. ಕಟ್ಟಿದ್ದನ್ನು ಜೊತೆಗಾರರು ಮುಟ್ಟಿ ನೋಡಲಿ, ಏಕೆಂದರೆ ಹೊಟ್ಟೆ ಮುಂದೆ ಬಂದ ಮೇಲೆ ತೊಡೆಪಟ್ಟಿಯ ಬಕಲ್ಲು ನಿಮಗೇ ಕಾಣುವುದಿಲ್ಲ. ಮಾಂಗಲ್ಯದ ಸರ ಈಗ ಸರಿಯಾಗಿ ಗಂಟಿನ ಎದುರಿಗೇ ತೂಗುತ್ತದೆ. ತೆಗೆದಿಡುವುದು ಒಳ್ಳೆಯದು, ಮನಸ್ಸೊಪ್ಪದಿದ್ದರೆ ಒಳಗೆ ಸೇರಿಸಿ ಬಟ್ಟೆಗೆ ಪಿನ್ನು ಹಾಕಿ. ಕೈಯುಂಗುರದ ಮಾತು ಬೇರೆ. ಬಸಿರಿನಲ್ಲಿ ಬೆರಳು ಬಾಯುತ್ತದೆ, ಬಂಡೆಯ ಬಿರುಕಿಗೆ ಉಂಗುರ ಸಿಕ್ಕರೆ ಬೆರಳಿನ ಚರ್ಮವೇ ಸುಲಿಯುತ್ತದೆ. ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ. ಕಾಲುಂಗುರ ತೆಗೆಯದವರು ಅದರ ಮೇಲೆ ಟೇಪು ಸುತ್ತಬೇಕು, ಶೂ ಒಳಗೆ ಅದು ಪಕ್ಕದ ಬೆರಳನ್ನು ಕಚ್ಚುತ್ತದೆ.

ಶೂ ವಿಷಯ ಸುಲಭ. ಬಿಗಿಯಾದ, ಬೆರಳು ಮಡಚುವ ಶೂ ಈ ಒಂಬತ್ತು ತಿಂಗಳಿಗೆ ಬೇಡ. ಸಂಜೆಗೆ ಪಾದ ಬಾಯುವುದರಿಂದ ಸಂಜೆಯ ಹೊತ್ತೇ ಅಳತೆ ನೋಡಿ, ಚಪ್ಪಟೆ ಅಡಿಯ, ವೆಲ್ಕ್ರೋ ಪಟ್ಟಿಯ ಶೂ ತಗೊಳ್ಳಿ. ಬಗ್ಗಿ ಲೇಸು ಕಟ್ಟುವುದು ಆರನೆಯ ತಿಂಗಳಲ್ಲಿ ಸ್ವತಃ ಒಂದು ಕಸರತ್ತು. ಹೆಲ್ಮೆಟ್ ಬಂಡೆ ಹತ್ತುವವರದ್ದೇ ಆಗಬೇಕು, ಇಎನ್ 12492 ಗುರುತಿನದು. ಬೈಕಿನದ್ದು ತೊಟ್ಟರೆ ಮೇಲೆ ನೋಡಲೂ ಆಗುವುದಿಲ್ಲ, ಕೂಗಿದ್ದು ಕೇಳುವುದೂ ಇಲ್ಲ. ಬಾದಾಮಿಯಲ್ಲಿ ಮೇಲಿನಿಂದ ಕಲ್ಲು ಉರುಳಿಸುವ ಮಂಗಗಳೂ ಇವೆ ಎಂಬುದು ನೆನಪಿರಲಿ.

ಹಗ್ಗದ ಇನ್ನೊಂದು ತುದಿ

ಹಾರ್ನೆಸ್‌ಗೆ ಎಷ್ಟು ತಲೆಕೆಡಿಸಿಕೊಂಡಿರೋ ಅದರ ಎರಡರಷ್ಟು ಯೋಚನೆ ಹಗ್ಗ ಹಿಡಿಯುವವರ ಬಗ್ಗೆ ಬೇಕು. ಬಸುರಿಗೆ ಒಪ್ಪುವುದು ಟಾಪ್‌ರೋಪ್ ಒಂದೇ: ಹಗ್ಗ ಮೇಲಿನ ಬೋಲ್ಟುಗಳ ಮೂಲಕ ಹಾದು ಬಂದಿರಬೇಕು, ಕೈತಪ್ಪಿದರೆ ಇದ್ದಲ್ಲೇ ಕೂರುವಂತಿರಬೇಕು. ಮುಂದಾಗಿ ಹತ್ತಿ ಹಗ್ಗ ಸಿಕ್ಕಿಸುವ ಲೀಡ್, ಮೆತ್ತೆಯ ಮೇಲೆ ಬೀಳುವ ಬೌಲ್ಡರಿಂಗ್ ಎರಡನ್ನೂ ಹೆರಿಗೆಯಾಗುವವರೆಗೆ ಮರೆತುಬಿಡಿ. ಮೇಲೆ ಹಗ್ಗ ಹಾಕಿ ಬರುವ ಕೆಲಸ ಜೊತೆಗಾರರದ್ದು.

ಹಗ್ಗ ಹಿಗ್ಗುವ ಜಾತಿಯದಾಗಿರಲಿ, ಅಂದರೆ ಇಎನ್ 892 ಗುರುತಿನ ಡೈನಮಿಕ್ ಹಗ್ಗ. ಬಾವಿಗೆ, ಟ್ರ್ಯಾಕ್ಟರಿಗೆ ಕಟ್ಟುವ ನೈಲಾನ್ ಹಗ್ಗದ ಹೆಸರೂ ಎತ್ತಬೇಡಿ. ಹಿಗ್ಗುವ ಹಗ್ಗಕ್ಕೂ ಒಂದು ಗುಣವಿದೆ: ನೆಲದ ಹತ್ತಿರವಿದ್ದಾಗ ಹಗ್ಗದ ಉದ್ದ ಹೆಚ್ಚು, ಹಿಗ್ಗುವುದೂ ಹೆಚ್ಚು. ಎಂಟು-ಹತ್ತು ಅಡಿ ಏರುವವರೆಗೆ ಕೈತಪ್ಪಿದರೆ ಕಾಲು ನೆಲಕ್ಕೆ ಬಡಿಯಬಹುದು. ಅಲ್ಲಿಯವರೆಗೆ ಹಗ್ಗ ಹಿಡಿದವರು ಸಡಿಲವನ್ನು ಪೂರ್ತಿ ಎಳೆದು ಬಿಗಿ ಇಟ್ಟುಕೊಳ್ಳಬೇಕು. ಅವರ ಕೈಯಲ್ಲಿ ಗ್ರಿಗ್ರಿಯಂಥ, ಎಳೆತ ಬಂದೊಡನೆ ಹಗ್ಗ ಕಚ್ಚಲು ನೆರವಾಗುವ ಸಾಧನವಿರಲಿ. ಹಾಗಂತ ಅವರು ಹಗ್ಗದಿಂದ ಕೈ ಬಿಡುವಂತಿಲ್ಲ.

ದಾರಿಯ ಆಯ್ಕೆಯಲ್ಲೂ ಹೊಟ್ಟೆಯದ್ದೇ ಲೆಕ್ಕಾಚಾರ. ತೀರ ಓರೆಯಾದ ಹಾಸುಬಂಡೆ ಸುಲಭ ಅನ್ನಿಸುತ್ತದೆ, ಆದರೆ ಜಾರಿದರೆ ಹೊಟ್ಟೆಯೇ ಮೊದಲು ಉಜ್ಜುತ್ತದೆ. ಮುಂಚಾಚಿದ ಬಂಡೆಯಲ್ಲಿ ಕೈತಪ್ಪಿದರೆ ಉಯ್ಯಾಲೆಯಂತೆ ತೂಗಿ ಪಕ್ಕದ ಗೋಡೆಗೆ ಬಡಿಯುವ ಭಯ. ಅಡ್ಡಡ್ಡ ಸಾಗುವ ದಾರಿಗೂ ಅದೇ ದೋಷ. ನೆಟ್ಟಗೆ ನಿಂತ, ದೊಡ್ಡ ಹಿಡಿಗಳಿರುವ, ನೀವು ಮೊದಲು ಲೀಲಾಜಾಲವಾಗಿ ಹತ್ತಿದ್ದ ದಾರಿ ಸಾಕು. ಗುಹೆ, ದೇವಾಲಯಗಳಂಥ ಸಂರಕ್ಷಿತ ಸ್ಮಾರಕಗಳ ಗೋಡೆಯನ್ನು ಮುಟ್ಟುವಂತಿಲ್ಲ. ಅದು ಬಸುರಿಗಷ್ಟೇ ಹೇಳುವ ಮಾತಲ್ಲ.

ಇನ್ನು ನೀವೇ ಬೇರೆಯವರಿಗೆ ಹಗ್ಗ ಹಿಡಿಯುವುದು. ಹತ್ತುವುದನ್ನು ಬಿಟ್ಟವರು ‘ಕೆಳಗೆ ನಿಂತು ಹಗ್ಗನಾದರೂ ಹಿಡಿತೀನಿ’ ಅನ್ನುತ್ತಾರೆ. ಲೀಡ್ ಹತ್ತುವವರು ಬಿದ್ದರೆ ಹಿಡಿದವರನ್ನು ಹಗ್ಗ ಮುಂದಕ್ಕೆಳೆದು ಬಂಡೆಗೆ ಅಪ್ಪಳಿಸುತ್ತದೆ. ಆದ್ದರಿಂದ ಲೀಡ್‌ಗೆ ಹಗ್ಗ ಹಿಡಿಯಬೇಡಿ. ಟಾಪ್‌ರೋಪ್ ಆದರೆ, ತಿಳಿದವರು ನೆಲದಲ್ಲಿ ಗಟ್ಟಿ ಆಧಾರ ಕಟ್ಟಿ ಸಾಧನವನ್ನು ನಿಮ್ಮ ಮೈಗಲ್ಲದೆ ಆ ಆಧಾರಕ್ಕೇ ಹಾಕಿಕೊಟ್ಟಾಗ ಮಾತ್ರ ಹಿಡಿಯಬಹುದು.

ಡಾಕ್ಟರ್ ಬಾಯಾರಿಗೆ ಹೇಳುವುದು ಹೇಗೆ?

ನಮ್ಮ ತಾಲ್ಲೂಕು ದವಾಖಾನೆಗಳ ಹೆಚ್ಚಿನ ವೈದ್ಯರು ಟಾಪ್‌ರೋಪ್ ಕಂಡಿರಲಿಕ್ಕಿಲ್ಲ. ‘ಗುಡ್ಡ ಹತ್ತಬಹುದೇ’ ಎಂದು ಕೇಳಿದರೆ ಚಾರಣ ಎಂದುಕೊಂಡು ಹೂಂ ಅನ್ನಬಹುದು, ‘ಬಂಡೆ ಹತ್ತಬಹುದೇ’ ಎಂದರೆ ಚಿತ್ರದುರ್ಗದ ಜ್ಯೋತಿರಾಜ್ ಹಗ್ಗವಿಲ್ಲದೆ ಕೋಟೆ ಏರುವುದು ನೆನಪಾಗಿ ಬೈಯಬಹುದು. ಎರಡೂ ನಿಮಗೆ ಉಪಯೋಗವಿಲ್ಲದ ಉತ್ತರ. ಫೋನಿನಲ್ಲಿ ನೀವೇ ಹತ್ತುವ ವಿಡಿಯೊ ತೋರಿಸಿ, ಹಗ್ಗ ಮೇಲಿಂದ ಬರುತ್ತದೆ, ಎದೆಯ ಹತ್ತಿರ ಕಟ್ಟಿರುತ್ತದೆ, ಬಿದ್ದರೆ ಇಷ್ಟು ಅಡಿ ಎಂದು ಹೇಳಿ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ಹಿಡಿದು ಹೋಗಿ. ಕೇಳಲೇಬೇಕಾದವು ಹಿಮೋಗ್ಲೋಬಿನ್, ರಕ್ತದೊತ್ತಡ, ಮಾಸು ಕೂತಿರುವ ಜಾಗ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದಿದೆ, ಹಾಗಾಗಿ ‘ನನಗೇನೂ ಆಗಿಲ್ಲ’ ಎಂದು ಊಹಿಸಬೇಡಿ. ಮಾಸು ಕೆಳಗೆ ಕೂತಿದ್ದರೆ, ಬಿಪಿ ಏರಿದ್ದರೆ, ಗರ್ಭಕೊರಳು ಸಡಿಲವಿದ್ದರೆ, ಅವಳಿ ಇದ್ದು ಮುಂಚಿತ ಹೆರಿಗೆಯ ಭಯವಿದ್ದರೆ ಬಂಡೆಯ ಮಾತು ಅಲ್ಲಿಗೆ ಮುಗಿಯಿತು.

ಹತ್ತುವಾಗ ರಕ್ತ ಕಾಣಿಸಿದರೆ, ನೀರು ಹೋದರೆ, ಹೊಟ್ಟೆ ಬಿಟ್ಟುಬಿಟ್ಟು ನೋಯತೊಡಗಿದರೆ, ತಲೆಸುತ್ತು, ಎದೆನೋವು ಬಂದರೆ, ಮೀನಖಂಡ ಬಾತು ನೋಯುತ್ತಿದ್ದರೆ ಆ ಕ್ಷಣವೇ ಇಳಿದು ಆಸ್ಪತ್ರೆಗೆ ಹೋಗಿ. ಹೊಟ್ಟೆಗೆ ಪೆಟ್ಟು ಬಿದ್ದರೆ ನೋವಿಲ್ಲದಿದ್ದರೂ ಹೋಗಿ. ನಿಮ್ಮದು ನೆಗೆಟಿವ್ ರಕ್ತದ ಗುಂಪಾಗಿದ್ದರೆ ಅದನ್ನು ಮೊದಲೇ ಹೇಳಿ, ಆಂಟಿ-ಡಿ ಚುಚ್ಚುಮದ್ದು ಬೇಕಾದರೆ 72 ಗಂಟೆಯೊಳಗೆ ಸಿಗಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ನನಗೆ ಕೇಳಿದರೆ ಟಾಪ್‌ರೋಪ್‌ಗಿಂತ ಬಾದಾಮಿಗೆ ಹೋಗುವ ದಾರಿಯೇ ಹೆಚ್ಚು ಹೆದರಿಸುತ್ತದೆ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಲೋಕಾಪುರದ ಕಡೆಯ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ನಡುವೆ ಬೈಕಿನ ಹಿಂದೆ ಕೂತು ಹೋಗುವವರು ಹಾರ್ನೆಸ್‌ನ ಮಾನದಂಡ ವಿಚಾರಿಸುವುದು ತಮಾಷೆಯೇ ಸರಿ. ಕಾರಿನಲ್ಲಿ ಹೋಗಿ. ಸೀಟ್‌ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಕೆಳಗೆ ತೊಡೆಗೆ ತಾಗಿ, ಮೇಲಿನ ಪಟ್ಟಿ ಎದೆಯ ನಡುವೆ ಬರಲಿ. ನವೆಂಬರ್‌ನಿಂದ ಫೆಬ್ರುವರಿವರೆಗಿನ ಬೆಳಗುಗಳಷ್ಟೇ ನಿಮ್ಮವು. ಬೇಸಗೆಯ ಕಾದ ಬಂಡೆಯ ಬುಡದಲ್ಲಿ ಬಸುರಿಗೆ ಕೆಲಸವಿಲ್ಲ. ಮಜ್ಜಿಗೆ, ನೀರು ಮರೆಯಬೇಡಿ.

ಹೆರಿಗೆಯ ನಂತರ ಸೊಂಟದ ಹಾರ್ನೆಸ್‌ಗೆ ಮರಳುವುದು ವೈದ್ಯರು ಹೇಳಿದ ಮೇಲೆ. ಸಿಸೇರಿಯನ್ ಆಗಿದ್ದರೆ ಸೊಂಟಪಟ್ಟಿ ಗಾಯದ ಹತ್ತಿರವೇ ಕೂರುವುದರಿಂದ ಇನ್ನೂ ತಡ. ಬಸುರಿಯ ಹಾರ್ನೆಸ್ ಅಷ್ಟರಲ್ಲಿ ಕೆಲವೇ ತಿಂಗಳು ಬಳಸಿದ್ದಾಗಿರುತ್ತದೆ, ಇನ್ನೊಬ್ಬರಿಗೆ ಕೊಡಬಹುದು. ನೀವೂ ಹಾಗೆಯೇ ಬಳಸಿದ್ದನ್ನು ತಗೊಳ್ಳಬಹುದು, ಆದರೆ ಪರಿಚಯದವರಿಂದ ಮಾತ್ರ. ಚೀಟಿಯಲ್ಲಿ ತಯಾರಾದ ವರ್ಷ ನೋಡಿ. ಬಟ್ಟೆಯ ಸಾಮಾನಿಗೆ ಹೆಚ್ಚಿನ ಕಂಪನಿಗಳು ಕೊಡುವ ಗರಿಷ್ಠ ಆಯುಷ್ಯ 10 ವರ್ಷ, ತೊಡದೆ ಇಟ್ಟಿದ್ದರೂ ಅಷ್ಟೇ. ಎಲ್ಲಿ ಇಟ್ಟಿದ್ದರೆಂದು ಕೇಳುವುದು ಅದಕ್ಕಿಂತ ಮುಖ್ಯ. ಇನ್ವರ್ಟರ್ ಬ್ಯಾಟರಿಯ ಪಕ್ಕ, ಗೊಬ್ಬರ-ಔಷಧಿಯ ಕೋಣೆಯಲ್ಲಿ, ನೂಲಿಗೆ ಬಣ್ಣ ಹಾಕುವ ಜಾಗದಲ್ಲಿ ಇಟ್ಟ ಹಾರ್ನೆಸ್ ಕಣ್ಣಿಗೆ ಹೊಸದಾಗಿ ಕಂಡರೂ ಬೇಡ. ಆಮ್ಲದ ಹಬೆ ನೈಲಾನನ್ನು ಒಳಗೊಳಗೇ ತಿನ್ನುತ್ತದೆ, ಹೊರಗೆ ಗುರುತು ಬಿಡುವುದಿಲ್ಲ. ತಣ್ಣೀರಲ್ಲಿ ಮೃದು ಸೋಪಿನಿಂದ ತೊಳೆದು ನೆರಳಲ್ಲಿ ಒಣಗಿಸಿ, ಬಟ್ಟೆಯ ಚೀಲದಲ್ಲಿಡಿ. ಚೀಲದೊಳಗೆ ಒಂದು ಕಾಗದ ಇರಲಿ: ಕೊಂಡ ತಿಂಗಳು, ಮೊದಲು ತೊಟ್ಟ ದಿನ, ಕೊನೆಯ ಬಾರಿ ತೊಳೆದದ್ದು, ಎಲ್ಲಾದರೂ ಪಟ್ಟಿ ಬಂಡೆಗೆ ಉಜ್ಜಿದ್ದರೆ ಅದೂ. ಮುಂದೆ ತೊಡುವವರು ಮೊದಲು ಓದುವುದು ಅದನ್ನೇ.